ಹಿಂದಿನ ಸೀಟಿನ ಇಂಗ್ಲಿಷ್

ಕಳೆದ ಶನಿವಾರ ಗರಾಜ್ ಸ್ವಚ್ಛ ಮಾಡಬೇಕೆಂಬ ಹುಕುಂ ಹೊರಟಿತು. ನಮ್ಮ ಮನೆಯಲ್ಲಿ ಹುಕುಂ ಹೊರಡಿಸುವವರು ಒಬ್ಬರೇ, ಪಾಲಿಸುವವನೂ ಒಬ್ಬನೇ. ಕೆಟ್ಟುಹೋದ ಪ್ರಿಂಟರು, ಯಾರದೋ ಮದುವೆಯ ವಿಡಿಯೊ ಕ್ಯಾಸೆಟ್ಟು, ಒಂದೇ ಕಾಲಿನ ಹಿಮದ ಬೂಟು ಇವೆಲ್ಲದರ ತಳದಲ್ಲಿ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕೊಂದು ಸಿಕ್ಕಿತು. ಕಿರಾಣಿ ಅಂಗಡಿಯ ಕಂದು ಕಾಗದದ ಚೀಲವನ್ನು ಕತ್ತರಿಸಿ ನಾನೇ ಅದಕ್ಕೆ ಕವರ್ ಹಾಕಿದ್ದೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ ಆ ಚೀಲಗಳನ್ನು ಬಿಸಾಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಅಷ್ಟು ಗಟ್ಟಿ ಕಾಗದ! ನಮ್ಮೂರಿನಲ್ಲಿ ಜೂನ್ ತಿಂಗಳಿನಲ್ಲಿ ಅಂಥ ಕಾಗದಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿಕೊಳ್ಳುತ್ತಿದ್ದೆವು.

ಗರಾಜ್ ಹಾಗೇ ಉಳಿಯಿತು. ಬಕೆಟ್ ಬೋರಲು ಹಾಕಿ ಕೂತು ಓದತೊಡಗಿದೆ. ಎಡಕ್ಕೆ ಇಂಗ್ಲಿಷು, ನಡುವೆ ಕನ್ನಡದ ಅರ್ಥ, ಬಲಕ್ಕೆ ‘ಸ್ವಂತ ವಾಕ್ಯ’. ಸ್ವಂತ ಎಂದರೆ ನನ್ನ ಸ್ವಂತ. ಆ ವಾಕ್ಯಗಳಲ್ಲೆಲ್ಲ ಗೋಪಾಲನೆಂಬ ಒಬ್ಬನೇ ಮನುಷ್ಯ. ಗೋಪಾಲ ಬೆಳಗಾವಿಗೆ ಸೆಟ್ ಔಟ್ ಆದ. ಅವನ ಬಸ್ಸು ಬ್ರೇಕ್ ಡೌನ್ ಆಯಿತು. ಗೋಪಾಲ ಹೆಂಡತಿಯ ಬೈಗುಳವನ್ನು ಪುಟ್ ಅಪ್ ವಿತ್ ಮಾಡಿಕೊಂಡ. ಪಾಪ, ಇನ್ನೂರು ಪುಟದಲ್ಲಿ ಒಂದು ದಿನವೂ ಆ ಪ್ರಾಣಿಗೆ ನೆಮ್ಮದಿಯಿಲ್ಲ.

ಫ್ರೇಸಲ್ ವರ್ಬ್ ಎಂಬುದು ಅಂಥದ್ದೇ ಪೀಡೆ. ಗಿವ್, ಟೇಕ್, ಪುಟ್, ಟರ್ನ್ ಎಂಬ ಸಾಧು ಕ್ರಿಯಾಪದಗಳಿರುತ್ತವಲ್ಲ, ಅವುಗಳ ಪಕ್ಕಕ್ಕೆ ಅಪ್ಪೋ ಆಫೋ ಬಂದು ಕೂತರೆ ಮುಗಿಯಿತು, ಮದುವೆಯಾದ ಗಂಡಸಿನ ಹಾಗೆ ಅವುಗಳ ಸ್ವಭಾವವೇ ಬೇರೆಯಾಗುತ್ತದೆ. ಮೊದಲು ಏನಾಗಿದ್ದವೆಂದು ಅವುಗಳಿಗೇ ನೆನಪಿರುವುದಿಲ್ಲ.

ನಾನು ಧಾರವಾಡ ಸೀಮೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಮಾಸ್ತರನಾಗಿದ್ದವನು. ಎರಡು ಸಾವಿರನೇ ಇಸವಿ ಹುಟ್ಟುತ್ತಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ದೊಡ್ಡವರೆಲ್ಲ ಹೆದರಿ ಕೂತಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ನನ್ನ ಹೆಂಡತಿ ಸುಮಾಳಿಗೆ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಿತು. ಅವಳ ಸೆರಗು ಹಿಡಿದು ನಾನೂ ಬಂದೆ. ನನ್ನ ವೀಸಾದ ಹೆಸರು ಎಚ್-ಫೋರ್. ಇರಬಹುದು, ಉಣ್ಣಬಹುದು, ದುಡಿಯುವಂತಿಲ್ಲ. ನ್ಯೂಜರ್ಸಿಯ ವೆಸ್ಟ್ ವಿಂಡ್ಸರಿನಲ್ಲಿ ನಮ್ಮ ಅಪಾರ್ಟ್‌ಮೆಂಟು. ಬೆಳಿಗ್ಗೆ ಉಳಿದ ಮನೆಗಳ ಹೆಂಗಸರು ಗಂಡಂದಿರನ್ನು ಕಾರಿನಲ್ಲಿ ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿಗೆ ಬಿಡುತ್ತಿದ್ದರು. ನಾನು ಹೆಂಡತಿಯ ಊಟದ ಡಬ್ಬಿ ಹಿಡಿದು ಅವಳ ಜೊತೆ ನಡೆದುಕೊಂಡು ಹೋಗಿ ರೈಲು ಹತ್ತಿಸಿ ಬರುತ್ತಿದ್ದೆ.

ಇಂಗ್ಲಿಷ್ ಮಾಸ್ತರನಿಗೆ ಅಮೆರಿಕದಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ಒಮ್ಮೆ ಮನೆಯ ಹೀಟರ್ ಕೆಟ್ಟಿತು. ಅಪಾರ್ಟ್‌ಮೆಂಟಿನ ಆಫೀಸಿಗೆ ಫೋನ್ ಮಾಡಿ, ‘ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್’ ಎಂದು ಶುರುಮಾಡಿದೆ. ಆ ಕಡೆಯ ಹುಡುಗಿ ಗಾಬರಿಯಾಗಿ, ನಿಮ್ಮ ವಕೀಲರ ಹೆಸರೇನು ಎಂದು ಕೇಳಿದಳು.

ಕೆಳಗಿನ ಮನೆಗೆ ಬಾಗಲಕೋಟೆ ಕಡೆಯ ಪಾಟೀಲರ ಸಂಸಾರ ಬಂದದ್ದು ಆ ಚಳಿಗಾಲದಲ್ಲಿ. ಪಾಟೀಲರು ಎಂಜಿನಿಯರು, ದಿನಾ ಬ್ರಿಡ್ಜ್‌ವಾಟರಿಗೆ ಡ್ರೈವ್ ಮಾಡುತ್ತಿದ್ದರು. ಎರಡು ವರ್ಷ ಒಬ್ಬರೇ ಇದ್ದು, ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ಉಂಡು ಸಾಕಾಗಿ, ಹೆಂಡತಿ ಶಾಂತಕ್ಕನನ್ನೂ ಮಗಳು ಭಾರತಿಯನ್ನೂ ಕರೆಸಿಕೊಂಡಿದ್ದರು. ಭಾರತಿಗೆ ಹದಿನೈದು ವರ್ಷ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ಇಯತ್ತೆ ಮುಗಿಸಿ, ಗಣಿತದಲ್ಲಿ ಶಾಲೆಗೇ ಮೊದಲನೆಯವಳಾಗಿದ್ದವಳು. ಇಲ್ಲಿಯ ಶಾಲೆಯವರು ಅವಳನ್ನು ಮತ್ತೆ ಒಂಬತ್ತರಲ್ಲೇ ಕೂರಿಸಿದರು. ಅದೂ ಇಂಗ್ಲಿಷ್ ಬಾರದ ಮಕ್ಕಳದೇ ಪ್ರತ್ಯೇಕ ಕೋಣೆಯಲ್ಲಿ.

ಒಂದು ಭಾನುವಾರ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತ ಪಾಟೀಲರು ವಿಷಯ ಬಿಚ್ಚಿದರು.

“ಮಾಸ್ತರ, ಮೇ ತಿಂಗಳದಾಗ ಒಂದ್ ಪರೀಕ್ಷಾ ಐತಿ. ಅದ್ರಾಗ ಪಾಸಾದ್ರ ಹತ್ತನೇತ್ತಕ್ಕ ಕಳಸ್ತಾರ. ಇಲ್ಲಂದ್ರ ಅದ ಖೋಲ್ಯಾಗ ಇನ್ನೊಂದ್ ವರ್ಷ. ಹುಡುಗಿ ಜೀವನಾ ಹಾಳಾಕ್ಕೈತಿ. ಅದಕ್ಕ ನಾ ಠರಾವ್ ಮಾಡೇನಿ. ಆಗಲಿಲ್ಲಂದ್ರ ಮೇ ಆಖೇರಿಗೆ ತಾಯಿ ಮಗಳು ಇಬ್ರೂ ವಾಪಸ್ ಬಾಗಲಕೋಟಿಗೆ. ಆಕಿ ಅಲ್ಲೇ ಎಸ್ಸೆಸ್ಸೆಲ್ಸಿ ಬರೀಲಿ. ಟಿಕೀಟೂ ಬುಕ್ ಮಾಡೇನಿ.”

ಶಾಂತಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. “ಎರಡ್ ವರ್ಷ ಬ್ಯಾರೆ ಬ್ಯಾರೆ ಇದ್ದದ್ದು ಸಾಲಿಲ್ಲ ನೋಡ್ರಿ ಇವ್ರಿಗೆ,” ಎಂದಷ್ಟೇ ಹೇಳಿದರು. ಭಾರತಿ ನನ್ನನ್ನು ನೋಡಿದಳು. ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದವನಿಗೆ ಅಂಥ ನೋಟ ಗೊತ್ತಾಗುತ್ತದೆ.

“ನಾ ಅದೀನಲ್ಲ,” ಎಂದುಬಿಟ್ಟೆ. ಬಹಳ ದಿನಗಳ ನಂತರ ಯಾರಿಗೋ ನಾನು ಬೇಕಾಗಿದ್ದೆ, ನೋಡಿ. ಎದೆ ಉಬ್ಬಿತು.

ಮರುದಿನವೇ ನೋಟ್‌ಬುಕ್ ಸಿದ್ಧವಾಯಿತು. ದಿನಕ್ಕೆ ಹತ್ತು ಫ್ರೇಸಲ್ ವರ್ಬು. ಮಧ್ಯಾಹ್ನ ಮೂರಕ್ಕೆ ಭಾರತಿ ಶಾಲೆಯಿಂದ ಬಂದರೆ ಅವರ ಊಟದ ಟೇಬಲ್ಲಿನ ಮೇಲೆ ಪಾಠ. ಅಡುಗೆಮನೆಯಲ್ಲಿ ಶಾಂತಕ್ಕ ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಭಾರತಿ ಒಪ್ಪಿಸುತ್ತಿದ್ದಳು. ಗಿವ್ ಅಪ್, ಗಿವ್ ಇನ್, ಗಿವ್ ಅವೇ. ಒಂದಕ್ಷರ ತಪ್ಪುತ್ತಿರಲಿಲ್ಲ. ಎಂಥ ನೆನಪು ಅಂತೀರಿ! ಅದು ತಾಯಿಯಿಂದಲೇ ಬಂದದ್ದು. ಶಾಂತಕ್ಕ ಆಗಷ್ಟೇ ಡ್ರೈವಿಂಗಿನ ಲಿಖಿತ ಪರೀಕ್ಷೆಯ ಪುಸ್ತಕವನ್ನು ಅರ್ಥ ಬಿಟ್ಟು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಪಾಸಾಗಿದ್ದರು. ನಾನು ಅರ್ಥ ಮಾಡಿಕೊಂಡು ಓದಿ ಎರಡನೆಯ ಸಲಕ್ಕೆ ಪಾಸಾಗಿದ್ದೆ. ಪಾಠಕ್ಕೆ ನನ್ನ ಸಂಬಳ ನಾಲ್ಕು ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ. ವೀಸಾದ ಕಾನೂನಿನಲ್ಲಿ ರೊಟ್ಟಿಗೆ ನಿಷೇಧವಿರಲಿಲ್ಲ.

ಒಂದು ತಿಂಗಳಿಗೆ ನನ್ನ ಮಾಸ್ತರಿಕೆ ತಲೆಗೇರಿತು. ಪರೀಕ್ಷೆಯಲ್ಲಿ ಪ್ರಬಂಧ ಬರೆಯಬೇಕಲ್ಲ, ಇಪ್ಪತ್ತೆರಡು ಫ್ರೇಸಲ್ ವರ್ಬು ಹೊಸೆದು ‘ಮರೆಯಲಾಗದ ದಿನ’ ಎಂದು ನಾನೇ ಒಂದು ಪ್ರಬಂಧ ಬರೆದುಕೊಟ್ಟೆ. ಅದರಲ್ಲಿ ಒಬ್ಬ ಚಿಕ್ಕಮ್ಮ ಮಂಜಿನ ಮೇಲೆ ಜಾರಿ ಬೀಳುತ್ತಾಳೆ, ಆದರೂ ಧೈರ್ಯಗೆಡದೆ ಗೆಟ್ ಅಪ್ ಆಗಿ, ಡಸ್ಟ್ ಆಫ್ ಮಾಡಿಕೊಂಡು, ಕ್ಯಾರಿ ಆನ್ ಮಾಡುತ್ತಾಳೆ. ಭಾರತಿಗೆ ಎರಡು ದಿನದಲ್ಲಿ ಬಾಯಿಗೆ ಬಂತು. ಅವಳ ತರಗತಿಯ ಗುಜರಾತಿ ಹುಡುಗಿ ಹೀನಾ ಕೂಡ ಆ ವಾರ ಪಾಠಕ್ಕೆ ಬರುತ್ತಿದ್ದಳು. ಆ ಮಗುವೂ ಯಾಕೆ ಹಿಂದೆ ಬೀಳಬೇಕು? ಅವಳಿಗೂ ಒಂದು ಪ್ರತಿ ಕೊಟ್ಟೆ.

ನಗಬೇಡಿ. ನಮ್ಮ ಶಾಲೆಯಲ್ಲಿ ‘ನನ್ನ ಜೀವನದ ಗುರಿ’ ಎಂದು ಕೇಳಿದರೆ ನಲವತ್ತು ಮಕ್ಕಳಲ್ಲಿ ನಲವತ್ತು ಜನಕ್ಕೂ ಡಾಕ್ಟರಾಗುವ ಗುರಿ, ಅದೂ ಒಂದೇ ಶಬ್ದಗಳಲ್ಲಿ. ಎಲ್ಲರಿಗೂ ಹತ್ತಕ್ಕೆ ಏಳು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಬಾಯಿಪಾಠ ಮಾಡುವವಳು ಶ್ರಮಜೀವಿ, ಗುರುವಿನ ಮಾತು ಮೀರದವಳು. ಇದೇ ನನಗೆ ಗೊತ್ತಿದ್ದ ನ್ಯಾಯ.

ಏಪ್ರಿಲ್ ಕೊನೆಗೆ ಶಾಲೆಯಲ್ಲಿ ಅಭ್ಯಾಸದ ಪರೀಕ್ಷೆ. ಬಾಗಲಕೋಟೆಯವಳ ಚಿಕ್ಕಮ್ಮನೂ ಗುಜರಾತದವಳ ಚಿಕ್ಕಮ್ಮನೂ ಒಂದೇ ದಿನ, ಒಂದೇ ಮಂಜಿನಲ್ಲಿ, ಒಂದೇ ಮಾತನಾಡುತ್ತ ಜಾರಿ ಬಿದ್ದರು. ಮೂರನೆಯ ದಿನ ಪಾಟೀಲರ ಮನೆಗೆ ಶಾಲೆಯಿಂದ ಚೀಟಿ ಬಂತು. ಅದರಲ್ಲಿ ‘ಚೀಟಿಂಗ್’ ಎಂಬ ಶಬ್ದವಿತ್ತು.

ಪಾಟೀಲರ ಮುಖ ಕಪ್ಪಿಟ್ಟಿತು. ಭಾರತಿ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳುವ ದನಿ ಕೇಳುತ್ತಿತ್ತು. “ನಾ ಕಾಪಿ ಹೊಡದಿಲ್ಲವ್ವಾ. ನಾ ಯಾರದೂ ನೋಡಿಲ್ಲ. ನನ್ನ ಬಾಯಾಗಿಂದ ಬರದೇನಿ.” ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಳ್ಳಿಯೆಂಬ ಹೆಸರು ಆ ಹುಡುಗಿಗೆ ಬಂದದ್ದು ನನ್ನಿಂದ.

ಮರುದಿನ ನಾವು ನಾಲ್ವರೂ ಶಾಲೆಗೆ ಹೋದೆವು. ಆ ಕೋಣೆಯ ಟೀಚರ್ ಮಿಸೆಸ್ ಹ್ಯಾರಿಸ್ ಎಂಬ ನೆರೆಗೂದಲಿನ ಹೆಂಗಸು. ಟೇಬಲ್ಲಿನ ಮೇಲೆ ಎರಡು ಪ್ರಬಂಧ ಅಕ್ಕಪಕ್ಕ ಇದ್ದವು. ಪಾಟೀಲರು ಟೈ ಸರಿಮಾಡಿಕೊಂಡು ಬಾಯಿ ತೆರೆಯುವುದರೊಳಗೆ ನಾನೇ ಎದ್ದು ನಿಂತೆ, ತಪ್ಪು ಮಾಡಿದ ಹುಡುಗ ಹೆಡ್‌ಮಾಸ್ತರರ ಮುಂದೆ ನಿಲ್ಲುವ ಹಾಗೆ. ಇದನ್ನು ಬರೆದವನು ನಾನು, ಮಕ್ಕಳದೇನೂ ತಪ್ಪಿಲ್ಲ, ನಮ್ಮಲ್ಲಿ ಇದಕ್ಕೆ ಓದು ಎನ್ನುತ್ತಾರೆ ಎಂದೆ. ಈ ಸಲ ‘ಐ ಬೆಗ್ ಟು’ ನೆನಪಾಗಲಿಲ್ಲ.

ಆಕೆ ಎರಡೂ ಪ್ರಬಂಧಗಳನ್ನು ಬದಿಗೆ ಸರಿಸಿದರು. ಆಮೇಲೆ ಮೃದುವಾಗಿಯೇ ಹೇಳಿದರು. “ಇಷ್ಟನ್ನೆಲ್ಲ ನೆನಪಿಡುವ ತಲೆ ಇವಳಿಗಿದೆ, ಸಂತೋಷ. ಆದರೆ ಇದರಲ್ಲಿ ಇವಳೆಲ್ಲಿದ್ದಾಳೆ? ಮುಂದಿನ ಶುಕ್ರವಾರ ನಿಜವಾದ ಪರೀಕ್ಷೆ. ವಿಷಯ ನಾನು ಅಲ್ಲೇ ಕೊಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಇವಳಿಗೆ ನಿಮ್ಮ ವಾಕ್ಯ ಕೊಡಬೇಡಿ.” ನಾನು ಹೂಂಗುಟ್ಟಿದೆ. ಭಾರತಿಯ ಹೆಸರಿನ ಮುಂದಿದ್ದ ಆ ಶಬ್ದವನ್ನು ಆಕೆ ನಮ್ಮೆದುರೇ ಹೊಡೆದುಹಾಕಿದರು.

ಸರಿ, ನೋಟ್‌ಬುಕ್ ಮುಚ್ಚಿದೆ. ಉಳಿದದ್ದು ಎಂಟು ದಿನ. ನೋಟ್‌ಬುಕ್ ಇಲ್ಲದೆ ಪಾಠ ಹೇಗೆ ಮಾಡುವುದೆಂದು ನನಗೆ ಹೊಳೆಯಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಇಲ್ಲಿ ಸ್ಯಾಲ್ ಮುದುಕನ ಕಥೆ ಹೇಳಬೇಕು. ಇಟಲಿ ಮೂಲದ ಈತ ಡ್ರೈವಿಂಗ್ ಕಲಿಸುವವನು. ಅವನ ಕಾರಿನಲ್ಲಿ ಅವನ ಕಾಲಿನ ಬಳಿಯೂ ಒಂದು ಬ್ರೇಕಿತ್ತು. ಹೆಂಡತಿಗೆ ಕಾರು ಕಲಿಸಲು ಹೋಗಿ ಪಾಟೀಲರ ಸಂಸಾರವೇ ಮುರಿಯುವ ಹಂತಕ್ಕೆ ಬಂದದ್ದರಿಂದ ಆ ಕೆಲಸ ಸ್ಯಾಲ್‌ನ ಪಾಲಿಗೆ ಬಂದಿತ್ತು. ನಾನೂ ಅವನ ಶಿಷ್ಯನೇ. ಅರ್ಧ ಗಂಟೆ ನಾನು ಓಡಿಸಿದರೆ ಅರ್ಧ ಗಂಟೆ ಶಾಂತಕ್ಕ. ಅವರ ಸರದಿಯಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತು ಸ್ಯಾಲ್‌ನ ಇಂಗ್ಲಿಷನ್ನು ಕನ್ನಡ ಮಾಡಬೇಕು. ಮಾಸ್ತರನಲ್ಲವೆ? ಆತ “ಪುಲ್ ಓವರ್!” ಎಂದರೆ ನಾನು, “ಶಾಂತಕ್ಕ, ವಾಹನವನ್ನು ರಸ್ತೆಯ ಅಂಚಿಗೆ...” ಎನ್ನುವಷ್ಟರಲ್ಲಿ ಅಂಚೇ ಬಂದುಬಿಟ್ಟಿರುತ್ತಿತ್ತು. ಒಂದು ಅಂಚೆಪೆಟ್ಟಿಗೆ ಕೂದಲೆಳೆಯಲ್ಲಿ ಉಳಿದ ದಿನ ಸ್ಯಾಲ್ ನನ್ನತ್ತ ತಿರುಗಿ, ಇನ್ನೂ ಬೇಗ ಮಾತಾಡುವವರು ನಿಮ್ಮಲ್ಲಿ ಯಾರೂ ಇಲ್ಲವೇ ಎಂದು ಕೇಳಿದ.

“ಭಾರತೀನ್ನ ಕರಕೊಂಡ್ ಹೋಗೂಣ್ರಿ ಮಾಸ್ತರ,” ಎಂದರು ಶಾಂತಕ್ಕ. “ಮನ್ಯಾಗ ಕುಂತು ಅಳೂದಕ್ಕಿಂತ ಛಲೋ.”

ಸಂಜೆ ನಾಲ್ಕರ ಪಾಠಕ್ಕೆ ಅವಳು ಬಂದಳು. ಅವಳು ನಡುವೆ, ನಾನು ಬಾಗಿಲ ಹಿಡಿ ಹಿಡಿದು ಪಕ್ಕಕ್ಕೆ. ಸ್ಯಾಲ್‌ನ ಬಾಯಿಂದ ಇಡೀ ನನ್ನ ನೋಟ್‌ಬುಕ್ಕು ಹೊರಬರತೊಡಗಿತು. ಸ್ಲೋ ಡೌನ್. ಲುಕ್ ಔಟ್. ಬ್ಯಾಕ್ ಅಪ್. ಕೀಪ್ ಆನ್ ಗೋಯಿಂಗ್. ಅವಳಿಗೆ ನೆನಪಿಸಿಕೊಳ್ಳಲು ಪುರುಸೊತ್ತೆಲ್ಲಿ? ಎದುರಿಗೆ ಲಾರಿ! “ಹಗೂರ್ಕ ಅವ್ವಾ! ಬಾಜೂಕ್ ತಗೋ! ಹಿಂದ್ ಬಾ, ಹಿಂದ್ ಬಾ, ಸಾಕ್!” ಸ್ಯಾಲ್‌ನ ಮಾತು ಮುಗಿಯುವುದಕ್ಕೂ ಅವಳ ಮಾತು ಶುರುವಾಗುವುದಕ್ಕೂ ನಡುವೆ ಉಸಿರು ಹಿಡಿಸುವಷ್ಟೂ ಜಾಗವಿರಲಿಲ್ಲ. ಅಡುಗೆಮನೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ಗೋಪಾಲನ ಮೇಲೆ ಹೇರಿದ್ದೆಲ್ಲ ಇಲ್ಲಿ ಅವಳ ಅವ್ವನ ಜೀವಕ್ಕೆ ಬೇಕಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ನನ್ನ ಮಾಸ್ತರಿಕೆಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಇರಬೇಕು.

ಬುಧವಾರ ಸರ್ಕಲ್ ಬಂತು. ನ್ಯೂಜರ್ಸಿಯ ಸರ್ಕಲ್ ಕಂಡವರಿಗೆ ಹೇಳಬೇಕಾಗಿಲ್ಲ. ನಾಲ್ಕು ದಿಕ್ಕಿನ ಕಾರುಗಳೂ ಒಂದು ಬಳೆಯೊಳಗೆ ನುಗ್ಗಿ ಸುತ್ತುತ್ತ, ತಮ್ಮ ತಮ್ಮ ದಾರಿ ಬಂದಾಗ ಸರಕ್ಕನೆ ಹೊರಬೀಳಬೇಕು. ಶಾಂತಕ್ಕ ಒಳಗೆ ಹೋದರು. ಹೊರಗೆ ಬರಲಿಲ್ಲ. ಒಂದು ಸುತ್ತಾಯಿತು, ಎರಡಾಯಿತು. ಪಕ್ಕದವರು ಹಾರ್ನ್ ಬಾರಿಸಿದರು. “ಟರ್ನ್ ಆಫ್! ಟರ್ನ್ ಆಫ್!” ಎಂದು ಸ್ಯಾಲ್ ಕೂಗಿದ. ಕೂಗಿದಷ್ಟೂ ಶಾಂತಕ್ಕ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದರು. ಮೂರನೆಯ ಸುತ್ತಿಗೆ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ನನ್ನ ಕೈಲೆ ಆಗೂದಿಲ್ಲ. ನಾವು ಊರಿಗೇ ಹೋಗೂಣು. ನನ್ನ ಕೈಲೆ ಏನೂ ಆಗೂದಿಲ್ಲ!”

ಆಗ ಭಾರತಿ ಮುಂದಕ್ಕೆ ಬಾಗಿದಳು. ಮೊದಲು ಸ್ಯಾಲ್‌ಗೆ. “ಮಿಸ್ಟರ್ ಸ್ಯಾಲ್, ಪ್ಲೀಸ್ ಬ್ಯಾಕ್ ಆಫ್. ಶಿ ಈಸ್ ಶಟ್ಟಿಂಗ್ ಡೌನ್. ಐ ವಿಲ್ ಟಾಕ್ ಹರ್ ಥ್ರೂ.”

ನೀವು ಸ್ವಲ್ಪ ಸುಮ್ಮನಿರಿ, ಅವ್ವ ಕಂಗೆಟ್ಟಿದ್ದಾಳೆ, ನಾನೇ ಹೇಳಿಕೊಡುತ್ತೇನೆ ಎಂದು! ನಾನು ದಂಗಾದೆ. ಈ ಮೂರು ಫ್ರೇಸಲ್ ವರ್ಬುಗಳಲ್ಲಿ ಒಂದೂ ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ.

ಆಮೇಲೆ ತಾಯಿಯ ಭುಜದ ಮೇಲೆ ಕೈಯಿಟ್ಟಳು. “ಅವ್ವಾ, ಅಳಬ್ಯಾಡ. ಗಡಿಬಿಡಿ ಏನೂ ಇಲ್ಲ. ಇನ್ನೊಂದ್ ಸುತ್ತ ಹೊಡಿ. ಗುಡ್ಯಾಗ ಸುತ್ತತಿ ಅಲ್ಲ, ಹಂಗ. ನಾ ಹೇಳಿದಾಗ ಬಲಕ್ಕ ಹೊಳ್ಳು. ಇನ್ನೂ ಇಲ್ಲ... ಇನ್ನೂ ಇಲ್ಲ... ಈಗ ಹೊಳ್ಳು.”

ಶಾಂತಕ್ಕ ಹೊರಳಿದರು. ಕಾರು ಹೊರಬಂತು. ಗುಡಿಯ ಲೆಕ್ಕದಲ್ಲಿ ನಾಲ್ಕೂ ಉಲ್ಟಾ ಪ್ರದಕ್ಷಿಣೆಯೇ, ಆದರೂ ದೇವರು ಒಪ್ಪಿಕೊಂಡಿರಬೇಕು. ಸ್ಯಾಲ್ ಟೋಪಿ ತೆಗೆದು ಬೆವರು ಒರೆಸಿಕೊಂಡು, “ನಿನಗೆ ಇಂಗ್ಲಿಷ್ ಯಾರು ಕಲಿಸಿದ್ದು, ಮಗು?” ಎಂದ. ನಾನು ಸೀಟಿನಲ್ಲಿ ನೆಟ್ಟಗಾಗಿ, ಗಂಟಲು ಸರಿಮಾಡಿಕೊಂಡೆ. ಭಾರತಿ ಒಂದು ಕ್ಷಣವೂ ಯೋಚಿಸದೆ, “ಯೂ!” ಎಂದಳು. ಮುದುಕ ಮನೆ ಬರುವವರೆಗೂ ನಕ್ಕ.

ಶುಕ್ರವಾರ ಪರೀಕ್ಷೆ ಮುಗಿಸಿ ಬಂದವಳು ಸರ್ಕಲ್ಲಿನ ಬಗ್ಗೆ ಬರೆದೆ ಎಂದಳು. “ತಪ್ಪು ಬಾಳ ಆಗ್ಯಾವ್ರಿ ಸರ್ರ. ಆದ್ರ ಬರಿಯಾಕ ಹತ್ತಿದ ಮ್ಯಾಲೆ ನಿಂದ್ರಲಿಲ್ಲ.” ಎಷ್ಟು ಫ್ರೇಸಲ್ ವರ್ಬು ಬಳಸಿದೆ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಶನಿವಾರ, ಭಾನುವಾರ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಊರಿಗೆ ಹೊರಡಲು ಉಳಿದದ್ದು ಎರಡೇ ವಾರ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನೂ ಶಾಂತಕ್ಕನೂ ಅವರ ಮನೆಯಲ್ಲಿ ಸ್ಯಾಲ್‌ನ ಕಾರಿಗೆ ಕಾಯುತ್ತಿದ್ದಾಗ ಫೋನ್ ರಿಂಗಾಯಿತು. ಅದುವರೆಗೆ ಇಂಗ್ಲಿಷ್ ಫೋನನ್ನು ಶಾಂತಕ್ಕ ಮುಟ್ಟಿದವರಲ್ಲ. ಅಂದು ರಿಸೀವರ್ ಅವರ ಕೈಯಲ್ಲೇ ಇತ್ತು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. “ಯೆಸ್,” ಎಂದರು. “ಯೆಸ್. ಥ್ಯಾಂಕ್ಯೂ.” ಇಟ್ಟುಬಿಟ್ಟರು.

“ಯಾರು ಶಾಂತಕ್ಕ? ಏನಂದ್ರು?”

“ಸಾಲಿ ಬಾಯಾರು. ಏನಂದ್ರೋ ತಿಳೀಲಿಲ್ರಿ.”

“ಅಯ್ಯೋ, ನನಗ ಕೊಡಬಾರದೇನು!”

“ತಡೀರಿ, ಹೇಳ್ತೀನಿ. ಮರತೀನಿ ಅಂದ್ಕೊಂಡ್ರೇನು?” ಎಂದು ಶಾಂತಕ್ಕ ಎರಡೂ ಕೈ ಕಟ್ಟಿ ನಿಂತರು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗಿಯಂತೆ. ಆ ಟೀಚರಿನ ಏರಿಳಿತ, ಮಗಳ ಹೆಸರಿನ ಅಮೆರಿಕನ್ ಉಚ್ಚಾರ ಕೂಡ ತಪ್ಪದ ಹಾಗೆ, ಒಂದೂ ಶಬ್ದದ ಅರ್ಥ ಗೊತ್ತಿಲ್ಲದೆ, ಒಪ್ಪಿಸಿದರು. “ಐ ಹ್ಯಾವ್ ವಂಡರ್‌ಫುಲ್ ನ್ಯೂಸ್ ಮಿಸೆಸ್ ಪಾಟೀಲ್. ಬಾರಡೀ ಈಸ್ ಮೂವಿಂಗ್ ಅಪ್ ಟು ಟೆನ್ತ್ ಗ್ರೇಡ್ ಇನ್ ಸೆಪ್ಟೆಂಬರ್. ಶಿ ಡಿಡ್ ಇಟ್ ಆಲ್ ಆನ್ ಹರ್ ಓನ್.”

ಬಾಯಿಪಾಠದ ವಿದ್ಯೆಗೆ ಅಲ್ಲೇ ಮನಸ್ಸಿನಲ್ಲಿ ಸಾಷ್ಟಾಂಗ ಹಾಕಿದೆ. ಆಮೇಲೆ ಹೇಳಿದೆ, “ಪಾಸಾದ್ಲು ಶಾಂತಕ್ಕ. ಸೆಪ್ಟೆಂಬರದಾಗ ಹತ್ತನೇತ್ತ. ಎಲ್ಲಾ ತಾನ ಮಾಡಿದ್ಲಂತ. ಅಂದ್ರ ನಾ ಏನೂ ಕಲಿಸಿಲ್ಲಂತ.” ಅಷ್ಟು ಖುಷಿಯಿಂದ ನಾನು ಯಾವ ಅವಮಾನವನ್ನೂ ಅನುವಾದಿಸಿದ್ದಿಲ್ಲ.

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬ್ರಿಡ್ಜ್‌ವಾಟರಿನ ಆಫೀಸಿಗೆ ಫೋನ್ ಹಚ್ಚಿದರು. ಪಾಟೀಲರು ಎತ್ತಿದ್ದೇ ತಡ, ನೆಟ್ಟಗೆ ನಿಂತು ಇಡೀ ಇಂಗ್ಲಿಷ್ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಒಪ್ಪಿಸಿದರು. ಆಮೇಲೆ ಪಾಟೀಲರ ಆಫೀಸಿನ ದನಿ ನನಗೂ ಕೇಳಿಸಿತು, “ಹೂ ಈಸ್ ದಿಸ್, ಪ್ಲೀಸ್?”

“ನಾನ್ರೀ, ನಿಮ್ಮ ಮನಿಯಾಕಿ,” ಎಂದರು ಶಾಂತಕ್ಕ. “ಟಿಕೀಟ್ ರದ್ದು ಮಾಡ್ರಿ.”